ಸಭೆಯ ಮೌನ ಸಮ್ಮತಿಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಾವು ಮದುವೆಯ ಮಾತುಕತೆಯಿಂದ ಹಿಡಿದು ಗ್ರಾಮಸಭೆಯವರೆಗೆ ಎಲ್ಲೆಡೆ ಬಳಸುತ್ತೇವೆ. ಠರಾವು ಓದಿದಾಗ ಯಾರೂ ಆಕ್ಷೇಪಿಸದಿದ್ದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಸುಮ್ಮನೆ ಕುಳಿತವರು ನಿಜಕ್ಕೂ ಒಪ್ಪಿದ್ದರೇ? ಸಭೆಗೆ ಬರಲಾಗದವರ ಮೌನವನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಇದು ಬರೀ ತತ್ವದ ಪ್ರಶ್ನೆಯಲ್ಲ. ಆಫ್ರಿಕಾ ಮೂಲದ ಸಿದ್ದಿಗಳು, ದನ-ಎಮ್ಮೆ ಸಾಕುವ ಗೌಳಿಗಳು, ಕುಣಬಿಗಳು ಇಲ್ಲಿನ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಸಿದ್ದಿ, ಕುಣಬಿಗಳ ಮನೆಮಾತು ಬಹುತೇಕ ಕೊಂಕಣಿ, ಗೌಳಿಗಳದು ಮರಾಠಿ. ಸಭೆಯ ಕಾಗದಪತ್ರಗಳೆಲ್ಲ ಕನ್ನಡದಲ್ಲಿ.

ಕಾನೂನು ಇವರನ್ನು ಮರೆತಿಲ್ಲ. ಗ್ರಾಮಸಭೆಗೆ ಬಂದವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ-ಪಂಗಡದವರು ಜನಸಂಖ್ಯೆಗೆ ತಕ್ಕಂತೆ ಇರಬೇಕು ಎಂಬುದು ನಮ್ಮ ಪಂಚಾಯತ್ ಕಾನೂನಿನ ಆಶಯ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇವು ಸಣ್ಣ ಸಂಗತಿಗಳಲ್ಲ. ಆದರೆ ಒಬ್ಬರಿಗೆ ಕುರ್ಚಿ ಸಿಕ್ಕಿದ ಮಾತ್ರಕ್ಕೆ ಒಂದು ಸಮುದಾಯಕ್ಕೆ ದನಿ ಸಿಕ್ಕಿತೆಂದು ಹೇಳಲಾಗದು.

ಮೌನದ ಬೆಲೆ ಎಷ್ಟೆಂಬುದು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿದರೆ ತಿಳಿಯುತ್ತದೆ. ಭೂಮಿಯ ಹಕ್ಕಿನ ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಯ ಮುಂದೆಯೇ. ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸವನ್ನು ರುಜುವಾತು ಮಾಡಬೇಕು. ಕಾಗದವಿಲ್ಲದವರಿಗೆ ಊರ ಹಿರಿಯರ ಹೇಳಿಕೆಯೂ ಒಂದು ಪುರಾವೆಯೆಂದು ನಿಯಮವೇ ಒಪ್ಪುತ್ತದೆ. ಅಕ್ಷರ ಬಾರದ ಮುದುಕಿಯ ನೆನಪಿಗೂ ಸರಕಾರ ಬೆಲೆ ಕೊಟ್ಟಿದೆ ಎಂದಾಯಿತು. ಆದರೆ ಆ ಮುದುಕಿ ಸಭೆಗೆ ಬಾರದಿದ್ದರೆ, ಬಂದೂ ಬಾಯಿ ತೆರೆಯದಿದ್ದರೆ, ಆ ಪುರಾವೆ ಅವಳೊಂದಿಗೇ ಮಣ್ಣಾಗುತ್ತದೆ.

‘ಸಭೆ ಎಲ್ಲರಿಗೂ ತೆರೆದಿದೆ, ಬಾರದಿರುವುದು ಅವರಿಷ್ಟ’ ಎನ್ನುವವರಿದ್ದಾರೆ. ದಿನಗೂಲಿಯವನಿಗೆ ಸಭೆಯೆಂದರೆ ಒಂದು ದಿನದ ಸಂಬಳ ಹೋದಂತೆ. ಜೋಯಿಡಾದಂಥ ತಾಲೂಕಿನಲ್ಲಿ ಪಂಚಾಯತ್ ಕಚೇರಿಗೆ ಬರಲು ಕಾಡಿನ ದಾರಿ ಸವೆಸಬೇಕು. ಬಂದ ಮೇಲೆ ಎದುರಿಗೆ ಕುಳಿತವರು ತನಗೆ ಕೂಲಿ ಕೊಡುವ ಧಣಿಯೇ ಆಗಿದ್ದರೆ? ಬರುವುದೂ ಮಾತನಾಡುವುದೂ ಸಾಧ್ಯವಿದ್ದವನು ಬಾರದಿದ್ದರೆ ಅದು ಅವನ ಇಷ್ಟ. ಸಾಧ್ಯವೇ ಇಲ್ಲದವನಿಗೆ ಆ ಮಾತು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ.

ಇನ್ನೊಂದು ಸುಲಭದ ದಾರಿಯಿದೆ: ಪ್ರತಿ ಸಮುದಾಯದಿಂದ ಒಬ್ಬ ಮುಖಂಡನನ್ನು ಕರೆದು ಕೇಳಿಬಿಡುವುದು. ಇದನ್ನು ಒಪ್ಪುವ ಮೊದಲು ನಾವು ಮುಸ್ಲಿಮರು ನಮ್ಮೊಳಗೂ ಇಣುಕಿ ನೋಡಬೇಕು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಹಳಿಯಾಳದ ಕಡೆ ಮುಸ್ಲಿಮ್ ಸಿದ್ದಿಗಳಿದ್ದಾರೆ. ‘ಮುಸ್ಲಿಮರ ಅಭಿಪ್ರಾಯ’ ಎಂದು ನಾವು ಹೇಳುವಾಗ ಆ ಸಿದ್ದಿ ಮುಸ್ಲಿಮನನ್ನು, ಆತನ ಮನೆಯ ಹೆಣ್ಣುಮಕ್ಕಳನ್ನು ಕೇಳಿ ಹೇಳುತ್ತೇವೆಯೇ? ಅಲ್ಪಸಂಖ್ಯಾತರೊಳಗೂ ಅಲ್ಪಸಂಖ್ಯಾತರಿದ್ದಾರೆ. ನ್ಯಾಯವನ್ನು ಹೊರಗಿನವರಿಂದ ಬಯಸುವ ನಾವು ಒಳಗೆ ಅದನ್ನು ಕೊಡಲೇಬೇಕು.

ಪರಿಹಾರ ದುಬಾರಿಯೇನಲ್ಲ. ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ ನಡೆಯಬೇಕೆಂದು ಕಾನೂನಿನಲ್ಲೇ ಇದೆ. ಅದು ಸಿದ್ದಿ ಕೇರಿಯಲ್ಲಿ, ಗೌಳಿವಾಡದಲ್ಲಿ ನಡೆಯಲಿ. ಕೂಲಿ ಮುಗಿಸಿ ಬರುವ ಹೊತ್ತಿಗೆ ನಡೆಯಲಿ. ಠರಾವನ್ನು ಅವರ ಮನೆಮಾತಿನಲ್ಲಿ ತಿಳಿಹೇಳಲಿ. ‘ಸರ್ವಾನುಮತ’ ಎಂದು ಬರೆಯುವ ಮೊದಲು ಹಿಂದಿನ ಸಾಲಿನಲ್ಲಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಕೇಳಲಿ. ಕೇಳಿದ ಮೇಲೂ ಸುಮ್ಮನಿದ್ದರೆ ಅದನ್ನು ಸಮ್ಮತಿ ಎನ್ನೋಣ. ಕೇಳದೆಯೇ ಹಾಗೆನ್ನುವ ಹಕ್ಕು ನಮಗಿಲ್ಲ.