ಸಾವಿನ ಮುಂದೆ ಒಂದು ‘ಆದರೆ’

ಎಂಟನೆಯ ತರಗತಿಯ ಮಕ್ಕಳಿಗೆ ಅವ್ಯಯ ಕಲಿಸುವುದು ಕಷ್ಟದ ಕೆಲಸವೇನಲ್ಲ. ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ ಪದಗಳು ಎಂದರೆ ಅವರು ಬೇಗ ತಿಳಿದುಕೊಳ್ಳುತ್ತಾರೆ. ಸಂಬಂಧಾರ್ಥಕ ಎಂಬ ಗುಂಪಿನಲ್ಲಿ ‘ಮತ್ತು’, ‘ಅಥವಾ’, ‘ಆದ್ದರಿಂದ’ಗಳ ಪಕ್ಕದಲ್ಲಿ ‘ಆದರೆ’ಯೂ ಕುಳಿತಿದೆ. ‘ಅವನು ಬಡವ, ಆದರೆ ಪ್ರಾಮಾಣಿಕ’ ಎಂದು ಉದಾಹರಣೆ ಕೊಟ್ಟು ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಎರಡು ವಾಕ್ಯಗಳನ್ನು ಜೋಡಿಸುವುದು ಅದರ ಕೆಲಸ. ಜೋಡಿಸುತ್ತಲೇ ಅದು ಮೊದಲನೆಯದರ ತೂಕ ಇಳಿಸಿ ಎರಡನೆಯದರ ತೂಕ ಏರಿಸಿಬಿಡುತ್ತದೆ. ಅದೇ ಮಾತನ್ನು ‘ಅವನು ಪ್ರಾಮಾಣಿಕ, ಆದರೆ ಬಡವ’ ಎಂದು ತಿರುಗಿಸಿ ಹೇಳಿ ನೋಡಿ. ಹೆಣ್ಣು ಕೊಡಲು ಬಂದವರು ಚಹಾ ಕುಡಿದು ಎದ್ದು ಹೋಗುತ್ತಾರೆ!

ಈ ಚಿಕ್ಕ ಪದವನ್ನು ಕಳೆದ ಹತ್ತಾರು ವರ್ಷಗಳಿಂದ ನಾನು ಒಂದು ಜಾಗದಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಯಾರದೋ ಕೊಲೆಯಾದ ಸುದ್ದಿ ಬರುತ್ತದೆ. ಸತ್ತವರು ಬರೆಯುವವರೋ, ಯಾವುದೋ ಸಂಘಟನೆಯವರೋ, ಯಾವುದೋ ಧರ್ಮದವರೋ ಆಗಿರುತ್ತಾರೆ. ಕೇಳಿದವರು ‘ಅಯ್ಯೋ, ಕೊಲ್ಲಬಾರದಿತ್ತು’ ಎನ್ನುತ್ತಾರೆ. ಸ್ವಲ್ಪ ತಡೆದು ‘ಆದರೆ’ ಎಂದು ಶುರು ಮಾಡುತ್ತಾರೆ. ಆ ‘ಆದರೆ’ಯ ನಂತರ ಬರುವ ಮಾತುಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಒಂದು ತಳಮಳವಿದೆ.

ನಮ್ಮ ಧಾರವಾಡ ಸೀಮೆಗೆ ಆ ತಳಮಳ ಬಂದದ್ದು 2015ರ ಆಗಸ್ಟ್ 30ರಂದು. ಅಂದು ಭಾನುವಾರ. ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಬೆಳಗಿನ ಹೊತ್ತು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಅವರಿಗೆ 76 ವರ್ಷ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಶಾಸನ, ವಚನ, ಹಸ್ತಪ್ರತಿಗಳ ನಡುವೆಯೇ ಆಯುಷ್ಯ ಕಳೆದವರು. ಅವರ ‘ಮಾರ್ಗ’ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮೇಷ್ಟ್ರುಗಳ ಮನೆಯ ಬಾಗಿಲು ಯಾವಾಗಲೂ ತೆರೆದೇ ಇರುವ ಊರು ಧಾರವಾಡ. ಯಾರು ಬಂದು ತಟ್ಟಿದರೂ ಯಾರೋ ವಿದ್ಯಾರ್ಥಿ ಇರಬೇಕೆಂದು ಒಳಗೆ ಕರೆಯುವ ಊರು. ಅಂಥ ಊರಿನಲ್ಲಿ ಈ ಕೊಲೆ ನಡೆಯಿತು.

ಮರುದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಿರಿಯ ಹೆಣ್ಣುಮಗಳು ನಿಟ್ಟುಸಿರು ಬಿಟ್ಟು, “ಹಂಗ ಆಗಬಾರದಿತ್ತು ನೋಡ್ರಿ. ಆದರ ಅವರೂ ದೇವರ ಬಗ್ಗೆ ಹಂಗ ಮಾತಾಡಬಾರದಿತ್ತು” ಎಂದರು. ಒಳ್ಳೆಯ ಜೀವ ಅದು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಪ್ರಸಾದವನ್ನು ನನಗೂ ಕೊಟ್ಟರು. ಹಿಂದಿನ ವರ್ಷ, 2014ರಲ್ಲಿ, ಮೂಢನಂಬಿಕೆಯ ಕುರಿತಾದ ಒಂದು ಸಭೆಯಲ್ಲಿ ಕಲಬುರ್ಗಿಯವರು ವಿಗ್ರಹಪೂಜೆಯ ಬಗ್ಗೆ ಆಡಿದ್ದ ಮಾತು ದೊಡ್ಡ ಗದ್ದಲವಾಗಿತ್ತು. ಆ ತಾಯಿಗೆ ಅದರಿಂದ ನೋವಾಗಿತ್ತು. ಆ ನೋವು ಸುಳ್ಳೆಂದು ನಾನು ಹೇಳಲಾರೆ. ನಾನೂ ದಿನಾ ಮುಂಜಾನೆ ದೇವರ ಮುಂದೆ ದೀಪ ಹಚ್ಚುವವಳೇ.

ಆದರೂ ಆ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ಹೆಣವಿದೆ, ಇನ್ನೊಂದರಲ್ಲಿ ಒಂದು ಭಾಷಣವಿದೆ. ‘ಆದರೆ’ ಎಂದ ಕೂಡಲೇ ಎರಡೂ ಸಮತೂಕಕ್ಕೆ ಬಂದುಬಿಡುತ್ತವೆ. ಅವರು ಒಂದು ತಪ್ಪು ಮಾಡಿದರು, ಇವರು ಒಂದು ತಪ್ಪು ಮಾಡಿದರು, ಲೆಕ್ಕ ಚುಕ್ತಾ ಎಂಬಂತೆ. ಮಾತಿನಿಂದ ಆದ ನೋವಿಗೆ ಮಾತಿನಲ್ಲಿ ಉತ್ತರವಿದೆ. ಎದ್ದು ನಿಂತು ಎದುರು ಮಾತಾಡಬಹುದು, ಪತ್ರಿಕೆಗೆ ಬರೆಯಬಹುದು, ಕೋರ್ಟಿಗೂ ಹೋಗಬಹುದು. ಇದ್ಯಾವುದೂ ಬೇಡವೆಂದರೆ ಅವರ ಸಭೆಗೆ ಹೋಗದೆ ಮನೆಯಲ್ಲಿ ಕುಳಿತುಕೊಳ್ಳಬಹುದು. ಗುಂಡಿಗೆ ಸತ್ತವರಿಗೆ ಇಂಥ ಯಾವ ದಾರಿ ಉಳಿದಿದೆ, ನೀವೇ ಹೇಳಿ.

‘ಹಾಗಾದರೆ ಸತ್ತವರನ್ನು ಟೀಕಿಸಲೇಬಾರದೆ? ಸತ್ತ ಮಾತ್ರಕ್ಕೆ ಎಲ್ಲರೂ ದೇವರಾಗಿಬಿಡುತ್ತಾರೆಯೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟೀಕೆ ಖಂಡಿತ ಬೇಕು. ಕಲಬುರ್ಗಿಯವರೇ ಸಂಶೋಧನೆಯಲ್ಲಿ ಹಿರಿಕಿರಿಯರೊಡನೆ ವಾದ ಮಾಡುತ್ತ ಬದುಕಿದವರು. ಅವರ ತೀರ್ಮಾನಗಳನ್ನು ಒಪ್ಪದ ವಿದ್ವಾಂಸರೂ ಇದ್ದರು. ಅವರ ಪುಸ್ತಕ ಕೈಯಲ್ಲಿ ಹಿಡಿದು ‘ಇದು ತಪ್ಪು’ ಎಂದು ನೂರು ಪುಟ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ನಾನು ಹೇಳುವುದು ವಾಕ್ಯದ ಸಂಗತಿ. ‘ಅವರನ್ನು ಕೊಂದದ್ದು ಅನ್ಯಾಯ’ ಎಂಬಲ್ಲಿ ಒಂದು ಪೂರ್ಣವಿರಾಮ ಇರಬೇಕು. ಟೀಕೆಯನ್ನು ಬೇರೆ ದಿನ, ಬೇರೆ ವಾಕ್ಯದಲ್ಲಿ, ಅದರದೇ ಆಧಾರದ ಮೇಲೆ ಹೇಳೋಣ. ಕೊಲೆಯ ಬಾಲವಾಗಿ ಬಂದ ಟೀಕೆ ಟೀಕೆಯಾಗಿ ಉಳಿಯುವುದಿಲ್ಲ. ಅದು ಕೊಂದವನಿಗೆ ಕೊಟ್ಟ ಸಮಜಾಯಿಷಿಯಾಗುತ್ತದೆ.

ಇದೆಲ್ಲ ಮೊಬೈಲು, ಟೀವಿ ಬಂದ ಮೇಲೆ ಕೆಟ್ಟದ್ದು ಎಂದು ಹೇಳುವವರಿದ್ದಾರೆ. ಅಷ್ಟು ಸುಲಭವಾಗಿ ಅವುಗಳ ತಲೆಗೆ ಕಟ್ಟಲು ಬರುವುದಿಲ್ಲ. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾದಾಗ ದೇಶವೆಲ್ಲ ಅತ್ತಿತು ಎಂದು ನಾವು ಪಾಠ ಮಾಡುತ್ತೇವೆ. ಅದು ನಿಜ. ಆದರೆ ಆಗ ಗೃಹಮಂತ್ರಿಯಾಗಿದ್ದ ಸರ್ದಾರ್ ಪಟೇಲರು ಅದೇ ವರ್ಷ ಬರೆದ ಒಂದು ಪತ್ರದಲ್ಲಿ, ಆ ಸಾವಿಗೆ ಹಿಗ್ಗಿ ಸಿಹಿ ಹಂಚಿದವರ ಪ್ರಸ್ತಾಪವಿದೆ. ಇನ್ನೊಂದು ಕಡೆ, ಗಾಂಧೀಜಿಗಾಗಿ ದುಃಖಪಟ್ಟೆವೆಂದು ಹೇಳಿಕೊಂಡವರು ಮಹಾರಾಷ್ಟ್ರದಲ್ಲಿ ಏನು ಮಾಡಿದರು? ಕೊಂದವನ ಜಾತಿಯವರೆಂಬ ಒಂದೇ ಕಾರಣಕ್ಕೆ ಏನೂ ಅರಿಯದ ಬ್ರಾಹ್ಮಣ ಕುಟುಂಬಗಳ ಮನೆ ಅಂಗಡಿಗಳಿಗೆ ಬೆಂಕಿ ಹಚ್ಚಿದರು. ‘ಮನೆ ಸುಟ್ಟದ್ದು ತಪ್ಪು, ಆದರೆ ಅವರವನೇ ಅಲ್ಲವೆ ಗಾಂಧಿಯನ್ನು ಕೊಂದದ್ದು?’ ಎಂಬ ಮಾತು ಅಲ್ಲೂ ಹುಟ್ಟಿರಲೇಬೇಕು. ಅಹಿಂಸೆಯ ಮುದುಕನ ಹೆಸರಿನಲ್ಲೂ ಬೆಂಕಿಕಡ್ಡಿ ಗೀರಬಹುದು ಎಂದ ಮೇಲೆ, ‘ನಮ್ಮ ಕಡೆಯವರು ಒಳ್ಳೆಯವರು, ನಮ್ಮಿಂದ ಹಾಗಾಗುವುದಿಲ್ಲ’ ಎಂದು ಯಾವ ಧೈರ್ಯದಿಂದ ಹೇಳೋಣ?

ಅದೇ ಕಾಲದಲ್ಲಿ ಇನ್ನೊಂದೂ ನಡೆಯಿತು. ಗೋಡ್ಸೆಗೆ ಗಲ್ಲು ಬೇಡವೆಂದು ಗಾಂಧೀಜಿಯವರ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸ್ ಸರ್ಕಾರವನ್ನು ಕೇಳಿಕೊಂಡರು. ಸರ್ಕಾರ ಒಪ್ಪಲಿಲ್ಲ, 1949ರ ನವೆಂಬರ್‌ನಲ್ಲಿ ಶಿಕ್ಷೆ ಜಾರಿಯಾಯಿತು. ತಂದೆಯನ್ನು ಕಳೆದುಕೊಂಡ ಮಕ್ಕಳು ‘ಕೊಲ್ಲುವುದು ತಪ್ಪು’ ಎಂದು ಹೇಳಿ ಅಲ್ಲಿಗೇ ನಿಂತರು. ‘ಆದರೆ’ ಹೇಳುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಅವರಿಗಿತ್ತು.

ಕಲಬುರ್ಗಿಯವರ ಕೊಲೆಯಾಗಿ ಎರಡು ವರ್ಷಕ್ಕೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದರು. ಕಚೇರಿಯಿಂದ ಮರಳಿದ ಹೆಣ್ಣುಮಗಳು ತನ್ನ ಮನೆಯ ಮುಂದೆಯೇ ಬಿದ್ದಳು. 55 ವರ್ಷ. ಅಂದು ಶಿಕ್ಷಕರ ದಿನ. ಮಕ್ಕಳು ಕೊಟ್ಟ ಹೂಗಳನ್ನು ನೀರಿನಲ್ಲಿಟ್ಟು ಕುಳಿತಿದ್ದಾಗ ಟೀವಿಯಲ್ಲಿ ಸುದ್ದಿ ಬಂತು. ಹೆಣ ಇನ್ನೂ ಮಣ್ಣಿಗೆ ಹೋಗುವ ಮೊದಲೇ ಮೊಬೈಲುಗಳಲ್ಲಿ ಆಕೆಯ ಸಾವಿಗೆ ಸಂಭ್ರಮಪಟ್ಟ ಬರಹಗಳು ಹರಿದಾಡಿದವು. ಒಬ್ಬ ಹೆಂಗಸಿನ ಬಗ್ಗೆ ಬಳಸಬಾರದ ಪದಗಳು ಅವುಗಳಲ್ಲಿದ್ದವು. ಎರಡೂ ಕೊಲೆಗಳಿಗೆ ಬಳಸಿದ ಪಿಸ್ತೂಲು ಒಂದೇ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಆಮೇಲೆ ಹೇಳಿತು.

ಮರುದಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: “ಅವರು ಯಾರ ಕಡೆಯವರ್ರೀ ಟೀಚರ್?” ಹದಿನಾಲ್ಕು ವರ್ಷದ ಮಗು. ಒಬ್ಬ ಹೆಣ್ಣುಮಗಳನ್ನು ಕೊಂದರೆಂದು ಕೇಳಿ ಅವಳಿಗೆ ಮೊದಲು ತಿಳಿಯಬೇಕಾದದ್ದು ‘ಯಾರ ಕಡೆ’ ಎಂಬುದು. ಅದು ತಿಳಿದ ಮೇಲೆ ಅಳಬೇಕೋ ಬೇಡವೋ ಎಂದು ನಿರ್ಧಾರ. ಈ ಪ್ರಶ್ನೆಯನ್ನು ಅವಳು ನಮ್ಮ ಪಠ್ಯಪುಸ್ತಕದಿಂದ ಕಲಿತಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಟೀವಿ ಮುಂದೆ ಕುಳಿತ ದೊಡ್ಡವರಿಂದ ಕಲಿತಿದ್ದಾಳೆ. “ಅವರು ಒಬ್ಬರ ಮಗಳು, ಒಬ್ಬರ ಅಕ್ಕ. ಅವರ ಕಣ್ಣು ದಾನ ಮಾಡ್ಯಾರ. ಆ ಕಣ್ಣು ಹಾಕಿಸಿಕೊಳ್ಳುವವರನ್ನ ನೀನು ಯಾರ ಕಡೆ ಅಂತ ಡಾಕ್ಟರು ಕೇಳೂದಿಲ್ಲ” ಎಂದೆ. ಹುಡುಗಿ ಸುಮ್ಮನೆ ಕುಳಿತಳು.

ಇಷ್ಟು ಓದಿ ನಿಮ್ಮಲ್ಲಿ ಕೆಲವರು ‘ಈ ಟೀಚರು ಒಂದೇ ಕಡೆಯ ಸಾವುಗಳನ್ನು ಎಣಿಸುತ್ತಿದ್ದಾರೆ’ ಎಂದುಕೊಂಡಿರಬಹುದು. ಆದ್ದರಿಂದ ದಕ್ಷಿಣ ಕನ್ನಡ ಜಿಲ್ಲೆಯ ಮಾತಿಗೆ ಬರುತ್ತೇನೆ. 2022ರ ಜುಲೈ ತಿಂಗಳಲ್ಲಿ ಅಲ್ಲಿ ಹತ್ತು ದಿನಗಳ ಅವಧಿಯಲ್ಲಿ ಮೂವರು ಯುವಕರ ಮೇಲೆ ಹಲ್ಲೆಯಾಗಿ ಮೂವರೂ ಸತ್ತರು. ಮೊದಲನೆಯವನು ಮುಸ್ಲಿಂ, ಎರಡನೆಯವನು ಹಿಂದೂ, ಮೂರನೆಯವನು ಮುಸ್ಲಿಂ. ಅಂದಿನ ಮುಖ್ಯಮಂತ್ರಿಗಳು ಎರಡನೆಯ ಯುವಕನ ಮನೆಗೆ ಹೋಗಿ ಸಾಂತ್ವನ ಹೇಳಿದರು. ಸರ್ಕಾರದಿಂದ 25 ಲಕ್ಷ ರೂಪಾಯಿ ಪರಿಹಾರವೂ ಸಿಕ್ಕಿತು. ಅದು ಸರಿಯೇ, ಹೋಗಲೇಬೇಕಾದ ಮನೆ ಅದು. ಆ ಭೇಟಿಯಲ್ಲಿ ಮೊದಲು ಸತ್ತವನ ಮನೆಗೆ ಅವರು ಹೋಗಲಿಲ್ಲ. ಉಳಿದ ಇಬ್ಬರ ಕುಟುಂಬಗಳಿಗೆ ಅಷ್ಟೇ ಪರಿಹಾರ ಸಿಗಲು ಸರ್ಕಾರವೇ ಬದಲಾಗಿ 2023ರ ಜೂನ್ ಬರಬೇಕಾಯಿತು. ಜನಸಾಮಾನ್ಯರೂ ಹಾಗೆಯೇ ಮಾಡಿದರು. ಕೆಲವರು ಎರಡನೆಯವನಿಗೆ ಮಾತ್ರ ಮರುಗಿದರು. ಬೇರೆ ಸಾವುಗಳಾದಾಗ ಮೇಣದಬತ್ತಿ ಹಿಡಿದು ನಿಂತಿದ್ದವರಲ್ಲಿ ಕೆಲವರು ಎರಡನೆಯವನ ಹೆಸರು ಬಂದಾಗ ‘ಪಾಪ, ಆದರೆ ಅವನೂ ಸಂಘಟನೆಯಲ್ಲಿದ್ದನಲ್ಲ’ ಎಂದರು. ‘ಆದರೆ’ ಎಂಬುದು ಯಾವ ಒಂದು ಪಕ್ಷದ ಸ್ವತ್ತೂ ಅಲ್ಲವೆಂದು ನನಗೆ ಅಂದು ಚೆನ್ನಾಗಿ ತಿಳಿಯಿತು.

ಎಲ್ಲ ಕಡೆಯವರ ತಪ್ಪೂ ಸಮಸಮ ಎಂದು ನಾನು ಹೇಳುತ್ತಿಲ್ಲ. ಯಾರ ಕೈ ಎಷ್ಟು, ಯಾರ ಸಂಚು ಎಷ್ಟು ಎಂಬುದನ್ನು ನ್ಯಾಯಾಲಯ ಸಾಕ್ಷಿ ನೋಡಿ ಅಳೆಯಬೇಕು. ಪುಣೆಯಲ್ಲಿ 2013ರ ಆಗಸ್ಟ್‌ನಲ್ಲಿ ಕೊಲೆಯಾದ ಡಾ. ನರೇಂದ್ರ ದಾಭೋಲ್ಕರರ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯದ ತೀರ್ಪು ಬಂದದ್ದು 2024ರ ಮೇ ತಿಂಗಳಲ್ಲಿ. ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಮೂವರು ಬಿಡುಗಡೆಯಾದರು. ಇಷ್ಟು ತೂಗಿ ನೋಡಲು ನ್ಯಾಯಾಲಯಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ನಾಲಿಗೆ ಮಾತ್ರ ಚಹಾ ಆರುವುದರೊಳಗೆ ಸತ್ತವರ ಮೇಲೆ ತೀರ್ಪು ಕೊಟ್ಟು ಮುಗಿಸಿರುತ್ತದೆ.

ಕನ್ನಡ ಕಲಿಸುವವಳಿಗೆ ಇಂಥ ಹೊತ್ತಿನಲ್ಲಿ ರನ್ನನ ‘ಗದಾಯುದ್ಧ’ ನೆನಪಾಗದೆ ಇರುವುದಿಲ್ಲ. ಕುರುಕ್ಷೇತ್ರದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ಗುರುವಿನ ಹೆಣ, ಸ್ವಂತ ಮಗನ ಹೆಣ, ತಮ್ಮನ ಹೆಣ, ಗೆಳೆಯನ ಹೆಣ. ನಡುವೆ ಅಭಿಮನ್ಯುವಿನ ಹೆಣವೂ ಕಾಣುತ್ತದೆ. ಅರ್ಜುನನ ಮಗ, ಶತ್ರುವಿನ ಕುಡಿ. ಆ ಹುಡುಗನನ್ನು ಸುತ್ತುವರಿದು ಕೊಂದವರು ದುರ್ಯೋಧನನ ಕಡೆಯವರೇ. ಆದರೂ ಅವನು ನಿಂತು, ಆ ಹುಡುಗನ ಶೌರ್ಯವನ್ನು ಕೊಂಡಾಡಿ ಕೈಮುಗಿಯುತ್ತಾನೆ. ತನಗೂ ಅಂಥ ಮರಣ ಬರಲಿ ಎಂದು ಬೇಡುತ್ತಾನೆ. ‘ವೀರ ಹೌದು, ಆದರೆ ಪಾಂಡವರವನು’ ಎನ್ನುವುದಿಲ್ಲ. ದುರ್ಯೋಧನನಿಗೆ ಸಾಧ್ಯವಾದದ್ದು ನಮಗೆ ಏಕೆ ಆಗಬಾರದು ಎಂದು ಮಕ್ಕಳಿಗೆ ಹೇಳಿ ಪಾಠ ಮುಗಿಸಬಹುದು. ಒಂದು ವರ್ಷ ಒಬ್ಬ ಹುಡುಗ ಎದ್ದು, “ಅವ ಇದನ್ನ ಮೊದಲ ಹೇಳಿದ್ರ ಹುಡುಗ ಉಳೀತಿದ್ದ ಅಲ್ರೀ?” ಎಂದು ಕೇಳಿದ. ಆ ಪ್ರಶ್ನೆಯನ್ನು ಪ್ರತಿ ವರ್ಷ ತರಗತಿಗೆ ನಾನೇ ಕೇಳುತ್ತೇನೆ. ಕೈಮುಗಿಯುವ ಬುದ್ಧಿ ಹದಿನೆಂಟು ಅಕ್ಷೌಹಿಣಿ ಸೈನ್ಯ ಸತ್ತ ಮೇಲೆ ಬಂದರೆ ಅದು ಕಾವ್ಯವಾಗುತ್ತದೆ, ಯಾರನ್ನೂ ಉಳಿಸುವುದಿಲ್ಲ.

ಗೌರಿಯವರ ಪ್ರಕರಣದಲ್ಲಿ ತನಿಖಾ ತಂಡ ಆರೋಪಪಟ್ಟಿಯಲ್ಲಿ 18 ಜನರನ್ನು ಹೆಸರಿಸಿತು. ಅವರಲ್ಲಿ ಇಪ್ಪತ್ತು ಮೂವತ್ತರ ಹರೆಯದವರೂ ಇದ್ದರು. ತಪ್ಪಿತಸ್ಥರು ಯಾರೆಂದು ಹೇಳುವುದು ನ್ಯಾಯಾಧೀಶರ ಕೆಲಸ. ನನ್ನನ್ನು ಕಾಡುವುದು ಅವರ ವಯಸ್ಸು. ಆ ವಯಸ್ಸಿನ ನೂರಾರು ಹುಡುಗರು ನನ್ನ ತರಗತಿಯಿಂದ ದಾಟಿ ಹೋಗಿದ್ದಾರೆ. ಯಾವ ಹುಡುಗನೂ ಒಂದೇ ರಾತ್ರಿಯಲ್ಲಿ ಪಿಸ್ತೂಲು ಹಿಡಿಯುವುದಿಲ್ಲ. ‘ಕೆಲವರು ಸತ್ತರೆ ಅಷ್ಟೇನೂ ಹಾನಿಯಿಲ್ಲ’ ಎಂಬುದು ಸುತ್ತಲಿನವರ ಮಾತಿನಿಂದ ಮೊದಲು ಅವನ ಕಿವಿಗೆ ಬೀಳಬೇಕು. ಅದನ್ನು ದೊಡ್ಡ ದನಿಯಲ್ಲಿ ಕೂಗುವವರು ಕೆಲವರು ಮಾತ್ರ. ನಮ್ಮಂಥವರು ಮೆಲ್ಲಗೆ ‘ಆದರೆ’ ಎನ್ನುತ್ತೇವೆ. ಕೊಡ ಹಾಲು ಕೆಡಲು ತೊಟ್ಟು ಹುಳಿ ಸಾಕೆಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಓಣಿಗಳಲ್ಲಿ ಇನ್ನೂ ಉಳಿದಿರುವ ಒಂದು ಪದ್ಧತಿಯನ್ನು ನೆನೆಸಿಕೊಳ್ಳಿ. ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ, ಪಲ್ಯ, ಅನ್ನ ಕಟ್ಟಿಕೊಂಡು ಹೋಗುತ್ತಾರೆ. ಸತ್ತವನು ಜಗಳಗಂಟನಿರಬಹುದು, ಸಾಲ ಮುಳುಗಿಸಿದವನಿರಬಹುದು, ನಲ್ಲಿಯ ನೀರಿಗಾಗಿ ಆ ಮನೆಯವರೊಡನೆ ವರ್ಷದಿಂದ ಮಾತು ಬಿಟ್ಟಿರಬಹುದು. ಬುತ್ತಿ ಕಟ್ಟುವಾಗ ಅದನ್ನು ಯಾರೂ ಎಣಿಸುವುದಿಲ್ಲ. ಎಣಿಸುವುದಿದ್ದರೆ ಹದಿಮೂರು ದಿನ ಕಳೆಯಲಿ ಎನ್ನುತ್ತಾರೆ. ಹೀಗೆ ಮಾಡಲು ನಮ್ಮ ತಾಯಂದಿರಿಗೆ ಯಾವ ತತ್ತ್ವಶಾಸ್ತ್ರವೂ ಬೇಕಾಗಿರಲಿಲ್ಲ. ಸುದ್ದಿಯಲ್ಲಿ ಬರುವ ಸಾವಿನ ಮನೆಗೆ ನಾವು ಬುತ್ತಿ ಒಯ್ಯಲಾರೆವು. ಆದರೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ, ಮಕ್ಕಳು ಕೇಳುತ್ತಿರುವಾಗ, ‘ಕೊಂದದ್ದು ತಪ್ಪು’ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದು ನಮ್ಮ ಕೈಯಲ್ಲಿದೆ.