ಬೇಸರಗೊಳ್ಳದೆ ನಡೆಯುವದು
(ಇಬ್ರಿಯ 12: 1-3)

ದೀಕ್ಷಾಸ್ನಾನದ ದಿನ ನಮ್ಮಲ್ಲಿದ್ದ ಉತ್ಸಾಹವು ಈಗ ಎಲ್ಲಿ? ಮೊಣಕಾಲೂರಿದರೆ ಬಾಯಿ ಮಾತಾಡುತ್ತದೆ, ಹೃದಯವೋ ಸುಮ್ಮನಿರುತ್ತದೆ. ಆಗ, ಉತ್ಸಾಹವು ಮೊದಲು ಬರಲಿ, ಆ ಮೇಲೆ ಸಭೆಗೆ ಹೋಗೋಣ ಎಂದು ಮನಸ್ಸು ಹೇಳುವದು. ಇದೇ ಮೋಸವು.

ದೊಡ್ಡನೆಕ್ಕುಂದಿಯ ಕೆರೆಯ ಬಳಿ ನಿಂತು ಯೋಚಿಸಿರಿ. ಮಳೆಯನ್ನು ಸುರಿಸುವದು ನಮ್ಮ ಕೈಯಲ್ಲಿಲ್ಲ. ಏರಿಯನ್ನು ಕಾಯುವದು ನಮ್ಮ ಕೆಲಸ. ಬೇಸಿಗೆಯಲ್ಲಿ ಏರಿಯ ಬಿರುಕನ್ನು ಮುಚ್ಚದಿದ್ದರೆ ಮಳೆ ಬಂದರೂ ನೀರು ನಿಲ್ಲದು. ಪ್ರಾರ್ಥನೆ, ವೇದಪಾರಾಯಣ, ಸಭೆಕೂಡುವದು, ಇವೇ ನಮ್ಮ ಏರಿ. ಆತ್ಮನ ಮಳೆಯು ದೇವರದು.

ನಮ್ಮ ನಾಡಿನದೇ ಒಂದು ದೃಷ್ಟಾಂತವುಂಟು. ಬಾಸೆಲ್ ಮಿಶನಿನ ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು 1853ರಲ್ಲಿ ಈ ದೇಶಕ್ಕೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಟದ್ದು 1894ರಲ್ಲಿ. ಸುಮಾರು 70,000 ಶಬ್ದಗಳು! ಮನಸ್ಸು ಬಂದ ದಿನಗಳಲ್ಲಿ ಮಾತ್ರ ಕೂತಿದ್ದರೆ ಅವು ಕೂಡುತ್ತಿದ್ದವೇ?

ಆದರೂ ಬರೀ ಹಟವು ನಮ್ಮನ್ನು ಉಳಿಸದು. ಪೇತ್ರನ ಹಟವು ಒಂದು ರಾತ್ರಿಯೂ ನಿಲ್ಲಲಿಲ್ಲ. ಅವನಿಗೋಸ್ಕರ ಕರ್ತನು ಮಾಡಿದ ಪ್ರಾರ್ಥನೆಯು ನಿಂತಿತು. ಆತನು ನಮ್ಮನ್ನೂ ಬಿಡಲಿಲ್ಲ. ಆದದರಿಂದ ಈ ಸಂಜೆ, ಮನಸ್ಸಿದ್ದರೂ ಇಲ್ಲದಿದ್ದರೂ, ಮೊಣಕಾಲೂರೋಣ. ಆಮೆನ್.