ಕಂಡವರು ಹೇಳಬೇಕು



ಘಾಟಿ ಸುಬ್ರಹ್ಮಣ್ಯನಲ್ಲಿ ಮಕ್ಕಳ ಭಾಗ್ಯ ಬೇಡಿ, ನಾಗರಕಲ್ಲು ಪ್ರತಿಷ್ಠೆ ಮಾಡಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅಲ್ಲಿ ಮುಂದೆ ಸುಬ್ರಹ್ಮಣ್ಯ, ಬೆನ್ನ ಹಿಂದೆ ನರಸಿಂಹ. ಹಿಂದಿರುವ ಸ್ವಾಮಿ ಕಾಣುವುದು ಕನ್ನಡಿಯಲ್ಲಿ. ಆ ನರಸಿಂಹ ಕಂಬ ಒಡೆದು ಬಂದದ್ದು ಹೆತ್ತ ತಂದೆಯಿಂದಲೇ ಹಿಂಸೆಪಟ್ಟ ಮಗುವಿಗಾಗಿ. ಅಪ್ಪನ ಅಧಿಕಾರಕ್ಕಿಂತ ಮಗುವಿನ ಪ್ರಾಣ ದೊಡ್ಡದೆಂದು ಭಗವಂತನೇ ತೀರ್ಪು ಕೊಟ್ಟ.

ಈ ಧರ್ಮವನ್ನೇ ನಮ್ಮ ಕಾನೂನೂ ಹಿಡಿದಿದೆ. ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಸುಪರ್ದಿಗೆ ಎಂಬ ಪ್ರಶ್ನೆಗೆ, ಮಗುವಿನ ಹಿತವೇ ಮೊದಲು ಎನ್ನುತ್ತದೆ 1956ರ ಕಾಯ್ದೆ. ಸಾಕಲು ಬಯಸುವವರ ನಡತೆಯನ್ನೂ ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ಗಮನಿಸಬೇಕೆನ್ನುತ್ತದೆ 1890ರ ಕಾಯ್ದೆ. 2008ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ತಾಯಿಯ ಸಾವಿನ ಸಂಬಂಧ ತಂದೆಯ ಮೇಲೆ ಕ್ರಿಮಿನಲ್ ಕೇಸಿತ್ತು. ಮಗು ತಾಯಿಯ ತವರಲ್ಲಿತ್ತು. ಕೆಳಗಿನ ಕೋರ್ಟುಗಳು ತಂದೆಗೇ ಒಪ್ಪಿಸಿ ಎಂದಿದ್ದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಮಗುವನ್ನು ಕರೆದು ಮಾತನಾಡಿಸಿದರು. ಅಪ್ಪನ ಬಳಿ ಹೋಗಲಾರೆ ಎಂದಿತು. ತಂದೆ ಎಂಬ ಹಕ್ಕೊಂದೇ ಸಾಲದು, ಆ ಕೇಸನ್ನೂ ತೂಗಿ ನೋಡಬೇಕಿತ್ತು ಎಂದು ಕೋರ್ಟು ಹಿಂದಿನ ಆದೇಶಗಳನ್ನು ರದ್ದು ಮಾಡಿತು.

ಆದರೆ ಮುಚ್ಚಿದ ಬಾಗಿಲ ಹಿಂದಿನ ಹೊಡೆತ ನ್ಯಾಯಾಧೀಶರಿಗೆ ಕಾಣುವುದು ಹೇಗೆ? ಸಾಕ್ಷ್ಯವೇ ಅವರಿಗೆ ಕನ್ನಡಿ. ಆಸ್ಪತ್ರೆಯ ಚೀಟಿ, ಠಾಣೆಗೆ ಕೊಟ್ಟ ದೂರು, ಶಾಲೆಯ ಮೇಡಂ ಗಮನಿಸಿದ ಬಾಸುಂಡೆ, ನೆರೆಯವರು ಕೇಳಿದ ಅಳು, ಎಲ್ಲಕ್ಕೂ ಬೆಲೆಯುಂಟು. ವಿವಾದ ತೀರಿಸಲು ನೆರವಾಗುವ ಯಾವ ವರದಿ, ಹೇಳಿಕೆಯನ್ನಾದರೂ ಕೌಟುಂಬಿಕ ನ್ಯಾಯಾಲಯ ಸ್ವೀಕರಿಸಬಹುದು. 1984ರ ಕಾಯ್ದೆ ಆ ಬಾಗಿಲು ತೆರೆದಿದೆ. ಹಿಂಸೆಯ ಆರೋಪ ಹೊತ್ತವರ ಭೇಟಿಯಿಂದ ಮಗುವಿಗೆ ಕೇಡಾಗುವಂತಿದ್ದರೆ ಅದನ್ನೇ ನಿರಾಕರಿಸುವ ಅಧಿಕಾರವನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ನಾವೋ, ಮನೆ ಮಾತು ಬೀದಿಗೆ ಬರಬಾರದು ಎನ್ನುತ್ತೇವೆ. ಹೊಸಕೋಟೆಯಲ್ಲಾಗಲಿ ನೆಲಮಂಗಲದಲ್ಲಾಗಲಿ, ಹಿರಿಯರು ಕೂತು ರಾಜಿ ಮಾಡಿಸಿ, ಏಟು ತಿಂದವಳನ್ನೇ ಹೊಂದಿಕೊಂಡು ಹೋಗು ಎಂದು ಕಳಿಸುತ್ತೇವೆ. ಮುಂದೊಂದು ದಿನ ಕೋರ್ಟು ಪುರಾವೆ ಕೇಳಿದಾಗ ಅವಳ ಕೈ ಬರಿದು. ಇದು ಮರ್ಯಾದೆಯಲ್ಲ, ಅಧರ್ಮ. ದ್ವೇಷಕ್ಕಾಗಿ ಸುಳ್ಳು ಹೊರಿಸುವುದೂ ಅಷ್ಟೇ ಅಧರ್ಮ. ಆಗಲೂ ಪೆಟ್ಟು ಬೀಳುವುದು ಮಗುವಿಗೇ.

ತಾಯಂದಿರೇ, ಅಣ್ಣತಮ್ಮಂದಿರೇ, ಮಗು ಹೇಳಿದ್ದನ್ನು ನಂಬಿ ಕೇಳಿ. ಬಾಯಿಪಾಠ ಮಾಡಿಸಬೇಡಿ. ಗಾಯವಾದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಚೀಟಿ ಜೋಪಾನ ಮಾಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಹೋಗಿ. ಹಿಂಸೆಯ ವರದಿ ಬರೆಯಬೇಕಾದ ಸಂರಕ್ಷಣಾಧಿಕಾರಿ ಅವರೇ. ಸಾಕ್ಷಿ ಹೇಳಲು ಕರೆ ಬಂದರೆ ನೆಂಟಸ್ತಿಕೆ ನೋಡಬೇಡಿ; ಕಂಡದ್ದನ್ನು ಕಂಡಷ್ಟೇ ಹೇಳಿ. ಆ ಧೈರ್ಯವನ್ನು ಸ್ವಾಮಿ ನಮ್ಮೆಲ್ಲರಿಗೂ ಕೊಡಲಿ.